ಸಂಜಿ ಆದ್ರ ಪಿಂಗ್ 300: ಆಟದ ಪಿಸಿಗೆ ಮೊದಲ ಪಾಳಿ ಕೊಡೂದು ಹೆಂಗ?

ನವನಗರ_ನೋಸ್ಕೋಪ್ (ಬಾಗಲಕೋಟೆ)

ಎಲ್ಲಾರಿಗೂ ನಮಸ್ಕಾರ. ಮನ್ಯಾಗ ಫೈಬರ್ ಐತಿ, 100 ಎಂಬಿಪಿಎಸ್ ಪ್ಲಾನ್. ಕೇಬಲ್ ಹಚ್ಚಿ ಅಳದ್ರ ಡೌನ್‌ಲೋಡ್ 94, ಅಪ್‌ಲೋಡ್ 19 ಬರ್ತೈತಿ. ಕಂಪನಿಯವರು ಕೊಟ್ಟ ಒಎನ್‌ಟಿ (ಫೈಬರ್ ಬಂದು ಸೇರೂ ಡಬ್ಬಿ) ಕೆಳಗ ಪಡಸಾಲ್ಯಾಗ. ಅದರಿಂದ ಒಂದು ವೈರ್ ನನ್ನ ಟಿಪಿ-ಲಿಂಕ್ ಆರ್ಚರ್ ಸಿ6 ರೌಟರ್‌ಗೆ ಹೋಗೇತಿ. ಗೇಮಿಂಗ್ ಪಿಸಿ ಮ್ಯಾಲಿನ ಖೋಲ್ಯಾಗ, 5 ಗಿಗಾಹರ್ಟ್ಸ್ ವೈಫೈ ಮ್ಯಾಲ.

ಮುಂಜಾನೆ ವ್ಯಾಲೊರಂಟ್ ಆಟದಾಗ ಮುಂಬೈ ಸರ್ವರ್‌ಗೆ ಪಿಂಗ್ (ಹೋಗಿಬರೂ ಹೊತ್ತು) 28 ಮಿಲಿಸೆಕೆಂಡ್. ಸಂಜಿ ಏಳರಿಂದ ಹತ್ತರ ತನಕ ಒಮ್ಮಿಂದೊಮ್ಮೆಲೆ 250, 330 ಆಗಿ ಮತ್ತ 30ಕ್ಕ ಇಳಿತೈತಿ. ಅದ ಹೊತ್ತಿನ್ಯಾಗ ಮನ್ಯಾಗ ಎರಡು ಟಿವಿ, ನಾಕು ಫೋನ್, ಅಕ್ಕನ ಆಫೀಸ್ ಲ್ಯಾಪ್‌ಟಾಪ್, ಕ್ಲೌಡ್‌ಗೆ ರೆಕಾರ್ಡ್ ಮಾಡೂ ಮೂರು ವೈಫೈ ಕ್ಯಾಮೆರಾ ಚಾಲೂ ಇರ್ತಾವ. ರೌಟರ್‌ನ್ಯಾಗ ಕ್ಯೂಒಎಸ್ (ಯಾರ ಡೇಟಾ ಮೊದಲ ಹೋಗಬೇಕು ಅನ್ನೂ ಸೆಟ್ಟಿಂಗ್) ಹಚ್ಚಿ ಪಿಸಿಗೆ ಹೈ ಪ್ರಿಯಾರಿಟಿ ಕೊಟ್ಟೀನಿ. ಕೂದಲೆಳಿಯಷ್ಟೂ ಫರಕ ಬಿದ್ದಿಲ್ಲ.

200ರ ಪ್ಲಾನ್ ತಗೊಂಡ್ರ ಹೋಗ್ತೈತೇನು? ಇಲ್ಲಾ ಗೇಮಿಂಗ್ ರೌಟರ್‌ಗೆ ಹದಿನೈದು ಸಾವಿರ ಹಾಕಬೇಕೇನು?

---

ಕುಂದಾ_ಪ್ಯಾಕೆಟ್ (ಬೆಳಗಾವಿ, ಟಿಳಕವಾಡಿ)

ರೊಕ್ಕ ಕಿಸೆದಾಗ ಇಟ್ಕೊರಿ, ಮೊದಲ ಅಳತಿ ಮಾಡ್ರಿ.

ಪಿಸಿಯೊಳಗ ಎರಡು ಕಮಾಂಡ್ ಪ್ರಾಂಪ್ಟ್ ತೆಗೀರಿ. ಒಂದರಾಗ "ಪಿಂಗ್ -ಟಿ 192.168.0.1" ಅಂತ ನಿಮ್ಮ ರೌಟರ್‌ಗೆ, ಇನ್ನೊಂದರಾಗ "ಪಿಂಗ್ -ಟಿ 1.1.1.1" ಅಂತ ಹೊರಗಿನ ಸರ್ವರ್‌ಗೆ ಬಿಡ್ರಿ. ಎರಡೂ ಓಡ್ಲಿಕತ್ತಾಗ ಫೋನ್‌ನಿಂದ ಒಂದು ಜಿಬಿ ಮ್ಯಾಲಿನ ವಿಡಿಯೊ ಡ್ರೈವ್‌ಗೆ ಅಪ್‌ಲೋಡ್ ಹಚ್ಚಿ ಎರಡು ನಿಮಿಷ ನೋಡ್ರಿ. ಅದನ್ನ ನಿಲ್ಲಿಸಿ ಒಂದು ದೊಡ್ಡ ಡೌನ್‌ಲೋಡ್ ಹಚ್ಚಿ ಮತ್ತ ಎರಡು ನಿಮಿಷ. ಎರಡನ್ನೂ ಕೂಡಿಸಿ ಮಾಡಬ್ಯಾಡ್ರಿ, ಯಾವ ಕಡೆ ಗಂಟು ಬಿದ್ದದ ಅಂತ ತಿಳಿಯೂದಿಲ್ಲ. ಸ್ಪೀಡ್ ಟೆಸ್ಟ್ ಆ್ಯಪ್ ಇದಕ್ಕ ನಡಿಯೂದಿಲ್ಲ, ಹತ್ತು ಸೆಕೆಂಡಿನ್ಯಾಗ ಮುಗದು ಹೋಗ್ತದ.

ರೌಟರ್‌ಗೆ ಹೋಗೂ ಪಿಂಗ್ ತಾನ ಜಿಗದ್ರ ದೋಷ ವೈಫೈದು. ರೌಟರ್ 2–5 ಮಿಲಿಸೆಕೆಂಡಿನ್ಯಾಗ ಸುಮ್ನ ಕುಂತು, ಹೊರಗಿಂದು ಅಷ್ಟ 300ಕ್ಕ ಏರಿದ್ರ ಲೈನಿನ ಬಾಯಾಗ ಪಾಳಿ ಹತ್ತೇತಿ ಅಂತ ಅರ್ಥ. ಇದಕ್ಕ ಬಫರ್‌ಬ್ಲೋಟ್ ಅಂತಾರ.

ಪಾಳಿ ಹೆಂಗ ಹತ್ತತದ ಅಂದ್ರ, ನಿಮ್ಮ ಅಪ್‌ಲೋಡ್ ದಾರಿ 19 ಎಂಬಿಪಿಎಸ್. ಫೋನು ರೌಟರ್ ತನಕ 200–300 ಎಂಬಿಪಿಎಸ್‌ನ್ಯಾಗ ದೂಡ್ತದ. ಹೆಚ್ಚಾಗಿದ್ದನ್ನ ಒಎನ್‌ಟಿ ಚೆಲ್ಲೂದಿಲ್ಲ, ತನ್ನ ಮೆಮರಿಯೊಳಗ ಒಟ್ಟಿ ಇಡ್ತದ. ಡೇಟಾ ಕಳಸೂ ಟಿಸಿಪಿ ಅನ್ನೂ ಪದ್ಧತಿಗೆ ಸಾಮಾನ್ಯವಾಗಿ ಒಂದು ಪ್ಯಾಕೆಟ್ (ಡೇಟಾದ ತುಣುಕು) ಕಳದಾಗ ಅಷ್ಟ ಎಚ್ಚರ ಬರೂದು. ಇಲ್ಲಿ ಕಳಿಯೂದಿಲ್ಲ, ಅದಕ್ಕ ಅದು ಜೋರ ಕಮ್ಮಿ ಮಾಡೂದಿಲ್ಲ, ಪಾಳಿ ಬೆಳೀತಾನ ಹೋಗ್ತದ. ಲೆಕ್ಕ ಹಾಕ್ರಿ: 19 ಎಂಬಿಪಿಎಸ್ ಲೈನಿನ್ಯಾಗ 300 ಮಿಲಿಸೆಕೆಂಡ್ ತಡ ಅಂದ್ರ 57 ಲಕ್ಷ ಬಿಟ್. 1500 ಬೈಟಿನ ಪ್ಯಾಕೆಟ್ ಆದ್ರ ಸುಮಾರು 475. ನೀವು ಗುಂಡು ಹೊಡದ ಪ್ಯಾಕೆಟ್ ನೂರೇ ಬೈಟಿನ ಸಣ್ಣ ಕೂಸು, ಅದು ಈ 475 ಮಂದಿ ಹಿಂದ ನಿಂತಿರ್ತದ. ರೇಷನ್ ಅಂಗಡಿ ಪಾಳಿಯೊಳಗ ಬರೇ ಸಹಿ ಮಾಡಾಕ ಬಂದವನ ಗತಿ.

200ರ ಪ್ಲಾನ್ ತಗೊಂಡ್ರ ಅದ ಪಾಳಿ ಸ್ವಲ್ಪ ಲಗೂ ಕರಗ್ತದ, ಹತ್ತೂದು ಮಾತ್ರ ತಪ್ಪೂದಿಲ್ಲ. ಅದೂ ಡೌನ್‌ಲೋಡ್ ಅಷ್ಟ ಹೆಚ್ಚಾಗಿ ಅಪ್‌ಲೋಡ್ ಅಷ್ಟಕ್ಕಷ್ಟ ಉಳದ್ರ ಕೊಟ್ಟ ರೊಕ್ಕ ನೀರಾಗ. ಆಟಕ್ಕ ಬೇಕಾಗೂದು ಒಂದು ಎಂಬಿಪಿಎಸ್ ಒಳಗ. ಅದಕ್ಕ ಅಗಲ ದಾರಿ ಬೇಕಾಗಿಲ್ಲ, ಮುಂದಿನ ಜಾಗ ಬೇಕು.

ಇನ್ನೊಂದು ಪ್ರಶ್ನೆ. ಕ್ಯಾಮೆರಾ, ಟಿವಿ ಯಾವ ವೈಫೈ ಹೆಸರಿಗೆ ಕೂಡ್ಯಾವ? ಸಿ6ದಕ್ಕೋ, ಒಎನ್‌ಟಿದಕ್ಕೋ? ಇದನ್ನ ಹೇಳದ ಮುಂದ ಹೋಗಬ್ಯಾಡ್ರಿ.

---

ಹೆಡ್‌ಶಾಟ್_ಇಳಕಲ್

ಇಷ್ಟೆಲ್ಲಾ ಯಾಕ್ರೀ? ಡಿಎನ್‌ಎಸ್ 1.1.1.1 ಮಾಡ್ರಿ. ವಿಂಡೋಸ್‌ನ್ಯಾಗ ಗ್ರೂಪ್ ಪಾಲಿಸಿ ತಗದು ಆಟದ ಫೈಲ್‌ಗೆ ಡಿಎಸ್‌ಸಿಪಿ 46 ಕೊಡ್ರಿ. ಮುಗೀತು.

---

ಗೋಳಗುಮ್ಮಟ_ಎಕೋ (ವಿಜಯಪುರ)

ಮುಗಿಯುವುದಿಲ್ಲ. ಡಿಎನ್‌ಎಸ್ ಕೆಲಸ ಸರ್ವರ್ ಹೆಸರನ್ನು ವಿಳಾಸಕ್ಕೆ ಬದಲಿಸುವುದಷ್ಟೇ. ಪಂದ್ಯ ಶುರುವಾದ ಮೇಲೆ ಅದಕ್ಕೆ ಕೆಲಸವೇ ಇಲ್ಲ.

ಡಿಎಸ್‌ಸಿಪಿ ಎಂದರೆ ಪ್ಯಾಕೆಟ್ ಹಣೆಗೆ ಹಚ್ಚುವ ಬೊಟ್ಟು. ಪಾಳಿ ನಡೆಸುವವನು ಅದನ್ನು ನೋಡಿದರೆ ಬೆಲೆ, ನೋಡದಿದ್ದರೆ ಇಲ್ಲ. ಇಲ್ಲಿ ಪಾಳಿ ಇರುವುದು ಒಎನ್‌ಟಿಯಲ್ಲಿ, ಮನೆಯ ಇಂಟರ್ನೆಟ್ ದಟ್ಟಣೆಯಲ್ಲಿ ಈ ಗುರುತಿಗೆ ಅಲ್ಲಿ ಸಾಮಾನ್ಯವಾಗಿ ಬೆಲೆಯಿಲ್ಲ. ಪಿಸಿ ಹಚ್ಚಿದ ಗುರುತು ಹೊರಗೆ ಹೋಗುವ ಪ್ಯಾಕೆಟ್ಟಿಗೆ ಮಾತ್ರ, ಸರ್ವರ್‌ನಿಂದ ಬರುವುದಕ್ಕೆ ಅಲ್ಲ. ಒಂದೇ ಕಡೆ ಲಾಭ ಉಂಟು: ಪಿಸಿಯಿಂದ ರೌಟರ್‌ವರೆಗಿನ ವೈಫೈ ಗಾಳಿಯಲ್ಲಿ ಡಬ್ಲ್ಯುಎಂಎಂ (ವೈಫೈಯ ಸ್ವಂತ ಆದ್ಯತೆಯ ಪದ್ಧತಿ) ಆ ಗುರುತನ್ನು ಓದುತ್ತದೆ. 46ರ ಮೇಲಿನ ಮೂರು ಬಿಟ್ 5 ಆಗುವುದರಿಂದ ಹಲವು ಉಪಕರಣಗಳು ಅದನ್ನು ವಾಯ್ಸ್ ಬದಲು ವಿಡಿಯೊ ವರ್ಗಕ್ಕೆ ಹಾಕುತ್ತವೆ, ಅಷ್ಟಾದರೂ ಸಾಕು. ಆದರೆ ಮನೆಯ ಪಿಸಿ ಡೊಮೇನ್‌ಗೆ (ಕಚೇರಿಯ ನಿಯಂತ್ರಿತ ನೆಟ್‌ವರ್ಕ್‌ಗೆ) ಸೇರಿರುವುದಿಲ್ಲ, ಆದ್ದರಿಂದ ರಿಜಿಸ್ಟ್ರಿಯಲ್ಲಿ ಎನ್‌ಎಲ್‌ಎ (ಅದು ಯಾವ ನೆಟ್‌ವರ್ಕ್ ಎಂಬ) ತಪಾಸಣೆ ಬೇಡವೆಂದು ಹೇಳದಿದ್ದರೆ ವಿಂಡೋಸ್ ಆ ಪಾಲಿಸಿಯನ್ನು ಮೌನವಾಗಿ ಬಿಟ್ಟುಬಿಡುತ್ತದೆ. "ಹಾಕಿದೆ, ಏನೂ ಆಗಲಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಇಲ್ಲೇ ಜಾರಿದವರು.

---

ನವನಗರ_ನೋಸ್ಕೋಪ್

ಅಳದೆ. ರೌಟರ್‌ಗೆ 3–4. ಹೊರಗ ಅಪ್‌ಲೋಡ್ ಹಚ್ಚಿದಾಗ 310, ಡೌನ್‌ಲೋಡ್ ಹಚ್ಚಿದಾಗ 95.

ಕುಂದಾ ಅಣ್ಣಾರ, ನೀವು ಕೇಳಿದ್ದು ಬರೋಬ್ಬರಿ ಜಾಗಾಕ್ಕ ಬಿತ್ತು. ಮೂರೂ ಕ್ಯಾಮೆರಾ, ಪಡಸಾಲಿ ಟಿವಿ, ಎರಡು ಫೋನ್ ಒಎನ್‌ಟಿ ವೈಫೈದಾಗ ಅದಾವ. ಸಿ6ದಾಗ ಕ್ಯೂಒಎಸ್ ಪೇಜಿನ್ಯಾಗ ಒಟ್ಟು ಬ್ಯಾಂಡ್‌ವಿಡ್ತ್ ಅಂತ 1000 ಬರದೈತಿ, ನಾ ಅದನ್ನ ಮುಟ್ಟಿಲ್ಲ.

---

ಕುಂದಾ_ಪ್ಯಾಕೆಟ್

ಕಳ್ಳ ಸಿಕ್ಕ. ಎರಡು ತಪ್ಪು ಅದಾವ, ಒಂದನ್ನ ತಿದ್ದಿ ಇನ್ನೊಂದು ಬಿಟ್ರ ಉಪಯೋಗಿಲ್ಲ.

ಮೊದಲನೇದು, ಒಎನ್‌ಟಿ ವೈಫೈಗೆ ಕೂಡಿದ ಸಾಮಾನು ನಿಮ್ಮ ರೌಟರ್ ಮುಖಾನ ನೋಡೂದಿಲ್ಲ. ಸೀದಾ ಹೊರಗ ಹೋಗ್ತಾವ. ಮುಂದಿನ ಬಾಗಲಕ್ಕ ಪೈಲ್ವಾನನ್ನ ನಿಲ್ಲಿಸಿ ಹಿತ್ತಲ ಬಾಗಲಾ ತಗದಿಟ್ಟಂಗ. ಒಎನ್‌ಟಿ ಪೇಜಿಗೆ ಹೋಗಿ 2.4 ಮತ್ತ 5 ಎರಡೂ ವೈಫೈ ಬಂದ್ ಮಾಡ್ರಿ. ಅಲ್ಲೆ ಇದ್ದ ಹೆಸರು, ಪಾಸ್‌ವರ್ಡ್ ಹಂಗ ತಂದು ಸಿ6ಗೆ ಇಟ್ರ ಕ್ಯಾಮೆರಾ ಒಂದೊಂದ ಮತ್ತ ಜೋಡಿಸೂ ತ್ರಾಸ ಇಲ್ಲ, ತಾವ ಬಂದು ಕೂಡ್ತಾವ. ಒಎನ್‌ಟಿಯ ಉಳದ ಲ್ಯಾನ್ (ಮನಿ ಸಾಮಾನು ಕೂಡಿಸೂ) ಪೋರ್ಟಿನ್ಯಾಗ ಟಿವಿ ವೈರ್ ಇದ್ರ ಅದನ್ನೂ ಕಿತ್ತು ಸಿ6ಗೆ ಹಾಕ್ರಿ.

ಒಎನ್‌ಟಿಯಿಂದ ಬರೂ ವೈರ್ ಸಿ6ದ ವ್ಯಾನ್ (ಹೊರಗಿನ ಲೈನ್ ಬರೂ) ಪೋರ್ಟಿಗೇ ಇರಬೇಕು. ಭಾಳ ಮಂದಿ ಲ್ಯಾನ್‌ಗೆ ಚುಚ್ಚಿ ಅದನ್ನ ಬರೇ ವೈಫೈ ಹಂಚೂ ಆ್ಯಕ್ಸೆಸ್ ಪಾಯಿಂಟ್ ಮಾಡಿಟ್ಟಿರ್ತಾರ. ಇಂಟರ್ನೆಟ್ ನಡೀತದ, ಕ್ಯೂಒಎಸ್ ಮಾತ್ರ ಬರೇ ಬೋರ್ಡಿನ ಅಲಂಕಾರ.

ಎರಡನೇದು ಆ 1000. ರೌಟರ್ ತನ್ನ ಮುಂದ 1000 ಎಂಬಿಪಿಎಸ್ ಹೆದ್ದಾರಿ ಅದ ಅಂತ ನಂಬೇತಿ. ಅದರ ಕಣ್ಣಿಗೆ ಪಾಳಿನ ಕಾಣೂದಿಲ್ಲ, ಯಾರನ್ನ ಮುಂದ ಬಿಡ್ತದ? ಗಂಟನ್ನ ಒಎನ್‌ಟಿಯಿಂದ ಕಿತ್ತು ನಿಮ್ಮ ರೌಟರ್ ಕೈಗೆ ತರಬೇಕು. ಅಂದ್ರ ಖರೇ ಸ್ಪೀಡಿಗಿಂತ ಸ್ವಲ್ಪ ಕಮ್ಮಿ ಬರೀಬೇಕು: ಅಪ್‌ಲೋಡ್ 19ರ ಶೇ 90, ಅಂದ್ರ 17. ಡೌನ್‌ಲೋಡ್ 94ರ ಶೇ 85, ಅಂದ್ರ 80. ಪ್ಲಾನ್ ಕಾಗದದಾಗ ಬರದಿದ್ದು ಬ್ಯಾಡ, ಸಂಜಿ ಎಂಟಕ್ಕ ಕೇಬಲ್ ಹಚ್ಚಿ ಮೂರ್ನಾಕು ಸಲ ಅಳದು ಅದರಾಗ ಎಲ್ಲಕ್ಕಿಂತ ಕಮ್ಮಿ ಬಂದಿದ್ದನ್ನ ಹಿಡೀರಿ.

ಡೌನ್‌ಲೋಡ್‌ಗೆ ಯಾಕ ಜಾಸ್ತಿ ಬಿಡೂದು ಅಂದ್ರ, ಕಳಸೂದು ನಿಮ್ಮ ಕೈಯಾಗ, ಬರೂದು ನಿಮ್ಮ ಕೈಯಾಗಿಲ್ಲ. ಬಂದ ಪ್ಯಾಕೆಟ್ ಒಂದೊಂದು ಕೆಡವಿ ಆ ಕಡೆಯವಗ "ಹಗೂರ ಕಳಸಪ್ಪಾ" ಅಂತ ಸೂಚನಾ ಕೊಡೂದಷ್ಟ. ಅದಕ್ಕ ಸ್ವಲ್ಪ ಹೊತ್ತು ಹಿಡೀತದ.

---

ಗೋಳಗುಮ್ಮಟ_ಎಕೋ

ಮೇಲಿನದು ಸರಿ. ಮೂಲ ಫರ್ಮ್‌ವೇರ್‌ನಲ್ಲೇ (ರೌಟರ್ ಜೊತೆ ಬಂದ ಸಾಫ್ಟ್‌ವೇರ್‌ನಲ್ಲೇ) ಇದರಿಂದ ಮುಕ್ಕಾಲು ಪಾಲು ಪರಿಹಾರ ಸಿಗುತ್ತದೆ. ಉಳಿದ ಕಾಲು ಪಾಲು ಬೇಕಿದ್ದರೆ ಅದರ ಬದಲು ಹಾಕುವ ಉಚಿತ ಫರ್ಮ್‌ವೇರ್ ಓಪನ್‌ಡಬ್ಲ್ಯುಆರ್‌ಟಿ, ಮತ್ತು ಅದರೊಳಗೆ ಪಾಳಿ ನಡೆಸುವ ಎಸ್‌ಕ್ಯೂಎಂ.

ಮೊದಲು ಸಿ6 ತಿರುಗಿಸಿ ಹಿಂದಿನ ಸ್ಟಿಕರ್‌ನಲ್ಲಿ ವರ್ಷನ್ ಓದಿ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್ ಇಟ್ಟು ಮಾರಿದ್ದಾರೆ. ಓಪನ್‌ಡಬ್ಲ್ಯುಆರ್‌ಟಿ ಹಾರ್ಡ್‌ವೇರ್ ಪಟ್ಟಿಯಲ್ಲಿ ನಿಮ್ಮದೇ ವರ್ಷನ್, ನಿಮ್ಮದೇ ಪ್ರದೇಶದ ಫೈಲ್ ಇದ್ದರೆ ಮಾತ್ರ ಕೈ ಹಾಕಿ. "ವರ್ಷನ್ 2ರ ಫೈಲ್ 3ಕ್ಕೂ ಆದೀತು" ಎಂಬ ಧೈರ್ಯ ಮಾಡಿದರೆ ರೌಟರ್ ಸತ್ತು ಇಟ್ಟಿಗೆಯಾಗಬಹುದು. ಹೊಸದಾಗಿ ಕೊಳ್ಳುವುದಿದ್ದರೆ ಕನಿಷ್ಠ 16 ಎಂಬಿ ಫ್ಲಾಶ್, 128 ಎಂಬಿ ರ‍್ಯಾಮ್ ನೋಡಿಕೊಳ್ಳಿ. ಡಬ್ಬದ ಮೇಲಿನ ಕೆಂಪು ದೀಪ, ಎಂಟು ಕೊಂಬುಗಳು ಪಾಳಿಗೆ ಸಂಬಂಧಪಟ್ಟವಲ್ಲ.

ಹಾಕಿದ ಮೇಲೆ ಸಾಫ್ಟ್‌ವೇರ್ ಪುಟದಲ್ಲಿ ಪಟ್ಟಿ ನವೀಕರಿಸಿ ಲೂಸಿ-ಆ್ಯಪ್-ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿಕೊಳ್ಳಿ. ನೆಟ್‌ವರ್ಕ್ ಮೆನುವಿನಲ್ಲಿ ಎಸ್‌ಕ್ಯೂಎಂ ಕ್ಯೂಒಎಸ್ ಬರುತ್ತದೆ. ಇಂಟರ್‌ಫೇಸ್ ಆಯ್ಕೆಯಲ್ಲಿ, ಇಂಟರ್ನೆಟ್ ಕಂಪನಿಯ ಲಾಗಿನ್ (ಪಿಪಿಪಿಒಇ) ನಿಮ್ಮ ರೌಟರ್‌ನಲ್ಲೇ ಇದ್ದರೆ ಪಿಪಿಪಿಒಇ-ವ್ಯಾನ್, ಒಎನ್‌ಟಿಯಲ್ಲಿದ್ದರೆ ವ್ಯಾನ್. ವೇಗವನ್ನು ಕಿಲೋಬಿಟ್‌ನಲ್ಲಿ ಬರೆಯಬೇಕು: ಡೌನ್‌ಲೋಡ್ 80000, ಅಪ್‌ಲೋಡ್ 17000. ಸೊನ್ನೆ ಬಿಟ್ಟು 80 ಎಂದು ಬರೆದರೆ ಮನೆಗೆಲ್ಲ 80 ಕಿಲೋಬಿಟ್ ಸಿಕ್ಕು, ಈ ಪುಟ ಮತ್ತೆ ತೆರೆಯಲಿಕ್ಕೂ ತಾಳ್ಮೆ ಬೇಕಾಗುತ್ತದೆ. ಪಾಳಿಯ ವಿಧಾನಕ್ಕೆ ಕೇಕ್, ಸ್ಕ್ರಿಪ್ಟ್‌ಗೆ ಪೀಸ್ ಆಫ್ ಕೇಕ್. ಲಿಂಕ್ ಲೇಯರ್‌ನಲ್ಲಿ ಈಥರ್ನೆಟ್ ವಿತ್ ಓವರ್‌ಹೆಡ್ (ಪ್ರತಿ ಪ್ಯಾಕೆಟ್ಟಿನ ಮೇಲಿನ ಹೊದಿಕೆಯ ಬೈಟುಗಳು), ಅಂಕಿ 44. ಫೈಬರ್‌ಗೆ ಅದು ತುಸು ಹೆಚ್ಚೇ, ಆದರೆ ಹೆಚ್ಚಾದರೆ ಕೂದಲೆಳೆಯಷ್ಟು ವೇಗ ಹೋಗುತ್ತದೆ, ಕಡಿಮೆಯಾದರೆ ಪಾಳಿ ಮರಳಿ ಬರುತ್ತದೆ.

ಅಡ್ವಾನ್ಸ್ಡ್ ಸಾಲುಗಳಲ್ಲಿ ಒಳಬರುವ ದಿಕ್ಕಿಗೆ "ನ್ಯಾಟ್ ಡ್ಯುಯಲ್-ಡಿಎಸ್‌ಟಿಹೋಸ್ಟ್", ಹೊರಹೋಗುವ ದಿಕ್ಕಿಗೆ "ನ್ಯಾಟ್ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್". ಇದರಿಂದ ಪಾಲು ಕನೆಕ್ಷನ್ ಲೆಕ್ಕದಲ್ಲಿ ಅಲ್ಲ, ಉಪಕರಣದ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ. ಒಂದೇ ಫೋನು ಇಪ್ಪತ್ತು ಕನೆಕ್ಷನ್ ತೆರೆದರೂ ಅದಕ್ಕೆ ಒಂದೇ ತಟ್ಟೆ.

ಇನ್ನು ನಿಮ್ಮ ಶೀರ್ಷಿಕೆಯ ಪ್ರಶ್ನೆ, "ಮೊದಲ ಪಾಳಿ ಕೊಡುವುದು ಹೇಗೆ". ಇಲ್ಲಿ ಅದನ್ನು ಕೊಡಬೇಕಾಗಿಯೇ ಇಲ್ಲ. ಕೇಕ್ ಆಗಲಿ, ಅದರ ಹಿಂದಿನ ಎಫ್‌ಕ್ಯೂ-ಕೋಡೆಲ್ ಆಗಲಿ ಪ್ರತಿ ಹರಿವಿಗೂ ಬೇರೆ ಪಾಳಿ ಮಾಡುತ್ತವೆ. ತನ್ನ ಪಾಲಿಗಿಂತ ಕಡಿಮೆ ಬಳಸುವ ಹರಿವಿನ ಪ್ಯಾಕೆಟ್ ಬಂದ ಕೂಡಲೇ ಮುಂದೆ ಹೋಗುತ್ತದೆ. ಆಟದ ಹರಿವು, ಅಕ್ಕನವರ ವಿಡಿಯೊ ಕಾಲ್‌ನ ಧ್ವನಿ, ಡಿಎನ್‌ಎಸ್ ಎಲ್ಲವೂ ಈ ಜಾತಿಯವೇ. ಒಳಗೆ ಕೋಡೆಲ್ ಕೆಲಸ ಮಾಡುತ್ತದೆ: ಪ್ಯಾಕೆಟ್ ಎಷ್ಟಿವೆ ಎಂದು ಅದು ಎಣಿಸುವುದಿಲ್ಲ, ಎಷ್ಟು ಹೊತ್ತು ಕಾದವು ಎಂದು ನೋಡುತ್ತದೆ. ಕಾಯುವಿಕೆ 100 ಮಿಲಿಸೆಕೆಂಡ್ ಅವಧಿಯುದ್ದಕ್ಕೂ 5 ಮಿಲಿಸೆಕೆಂಡ್‌ಗಿಂತ ಕೆಳಗೆ ಇಳಿಯದಿದ್ದರೆ ಕೆಡವಲು ಶುರು ಮಾಡುತ್ತದೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ವಿಧಾನ ಇದು. ಕೇಕ್ 2018ರಲ್ಲಿ ಲಿನಕ್ಸ್ 4.19ರೊಳಗೆ ಸೇರಿತು.

ಫೈರ್‌ವಾಲ್ ಪುಟದಲ್ಲಿ ಹಾರ್ಡ್‌ವೇರ್ ಫ್ಲೋ ಆಫ್‌ಲೋಡಿಂಗ್ ಬಂದ್ ಮಾಡಿ. ಅದು ಚಾಲೂ ಇದ್ದರೆ ಪ್ಯಾಕೆಟ್‌ಗಳು ಪಾಳಿಯನ್ನು ತಪ್ಪಿಸಿ ಚಿಪ್‌ನೊಳಗಿಂದಲೇ ಹೊರಟುಹೋಗುತ್ತವೆ. ಮೈಕ್ರೊಟಿಕ್ ಕಂಪನಿಯ ರೌಟರ್ ಇಟ್ಟುಕೊಂಡವರಿಗೂ ಇದೇ ಮಾತು: ಅದರ ರೌಟರ್‌ಒಎಸ್ 7ರಲ್ಲಿ ಕೇಕ್ ಇದೆ, ಆದರೆ ಪಾಳಿ ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ನಿಯಮ ತೆಗೆಯದಿದ್ದರೆ ಸಿಂಪಲ್ ಕ್ಯೂ ಕೆಲಸ ಮಾಡುವುದಿಲ್ಲ. ಆಫ್‌ಲೋಡ್ ಬಂದ್ ಮಾಡಿದ ಮೇಲೆ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಡೌನ್‌ಲೋಡ್ ಓಡುತ್ತಿರುವಾಗ ಎಸ್‌ಎಸ್‌ಎಚ್‌ನಲ್ಲಿ (ರೌಟರ್‌ನ ಕಮಾಂಡ್ ಕಿಟಕಿಯಲ್ಲಿ) "ಟಾಪ್" ಹಾಕಿ ನೋಡಿ. ಐಡಲ್ (ಪ್ರೊಸೆಸರ್‌ನ ಬಿಡುವು) ಸೊನ್ನೆಗೆ ಬಂದು, ಎಸ್‌ಐಆರ್‌ಕ್ಯೂ (ಪ್ಯಾಕೆಟ್ ಸಾಗಿಸುವ ಕೆಲಸ) ನೂರರ ಹತ್ತಿರ ಇದ್ದರೆ ಆ ರೌಟರ್‌ಗೆ ಅಷ್ಟು ವೇಗ ಹೊರುವ ಶಕ್ತಿ ಇಲ್ಲ. ಆಗ ಕೇಕ್ ಬದಲು ಎಫ್‌ಕ್ಯೂ-ಕೋಡೆಲ್ ಮತ್ತು ಸಿಂಪಲ್ ಸ್ಕ್ರಿಪ್ಟ್ ಹಗುರ.

---

ಆರ್‌ಜೆ45_ಮಾಸ್ತರ (ಬೆಳಗಾವಿ, ಶಹಾಪುರ)

ವೈಫೈ ಬಗ್ಗೆ ಯಾರೂ ಏನೂ ಅನ್ಲಿಲ್ಲಲ್ಲ. ಈಗ ರೌಟರ್ ಪಿಂಗ್ 3–4 ಅಂತೀರಿ, ಅದು ಕ್ಯಾಮೆರಾ ಬ್ಯಾರೆ ಡಬ್ಬಿ ಮ್ಯಾಲ ಇದ್ದಾಗಿಂದು. ಅವನ್ನ ಸಿ6ಗೆ ತಂದ ಮ್ಯಾಲ ಮತ್ತ ಅಳೀರಿ. ಕ್ಯಾಮೆರಾ 2.4 ಗಿಗಾಹರ್ಟ್ಸ್‌ನ್ಯಾಗ ಅಷ್ಟ ಇರಲಿ, ಅಗಲ 20 ಮೆಗಾಹರ್ಟ್ಸ್, ಚಾನಲ್ 1, 6, 11ರೊಳಗ ಖಾಲಿ ಇದ್ದದ್ದು. 5 ಗಿಗಾಹರ್ಟ್ಸ್‌ಗೆ 36ರಿಂದ 48ರೊಳಗ ಇಡ್ರಿ. ಎರಡಕ್ಕೂ ಒಂದ ಹೆಸರು ಕೊಡೂ ಸ್ಮಾರ್ಟ್ ಕನೆಕ್ಟ್ ಬಂದ್.

ಖರೇ ಉಪಾಯ ಅಂದ್ರ ಪಿಸಿಗೆ ವೈರ್. ನಮ್ಮ ಕಡೆ ಕಲ್ಲಿನ ಗ್ವಾಡಿ, ಮ್ಯಾಲ ಸ್ಲ್ಯಾಬು. 5 ಗಿಗಾಹರ್ಟ್ಸ್ ಎರಡು ಗ್ವಾಡಿ ದಾಟೂದ್ರಾಗ ದಣೀತದ. ಕ್ಯಾಟ್ 6, ಒಳಗ ಪೂರ್ತಿ ತಾಮ್ರ ಇದ್ದದ್ದು ಕೇಳ್ರಿ. ಅಗ್ಗದ್ದರಾಗ ಅಲ್ಯೂಮಿನಿಯಂ ಮ್ಯಾಲ ತಾಮ್ರದ ಲೇಪ ಇರ್ತದ. ಚಾಕೂಲೆ ಕೆರದ್ರ ಬೆಳ್ಳಗ ಕಾಣ್ತದ. ಅದು ಎರಡು ಸಲ ಬಗ್ಗಿಸಿದ್ರ ಮುರೀತದ, ಕನೆಕ್ಟರ್ ಒತ್ತಿ ಕೂಡಿಸಿದಲ್ಲೆ (ಕ್ರಿಂಪ್) ವರ್ಷದೊಳಗ ಸಡಲ ಆಗಬಹುದು. ದಾರಿ 15 ಮೀಟರ್ ಇದ್ರ 20 ತಗೋರಿ, ಕನೆಕ್ಟರ್ ನಾಕು (ಎರಡು ಕೆಡತಾವ, ಲೆಕ್ಕದಾಗ ಇರಲಿ). ಕನೆಕ್ಟರಿನ ಕ್ಲಿಪ್ ಹಿಂದ, ಪಿನ್ ನಿಮ್ಮ ಕಡೆ, ವೈರ್ ತೂರಿಸೂ ಬಾಯಿ ಕೆಳಗ ಮಾಡಿ ಹಿಡದು ಎಡದಿಂದ: ಕೇಸರಿ-ಬಿಳಿ, ಕೇಸರಿ, ಹಸರು-ಬಿಳಿ, ನೀಲಿ, ನೀಲಿ-ಬಿಳಿ, ಹಸರು, ಕಂದು-ಬಿಳಿ, ಕಂದು. ಎರಡೂ ತುದಿ ಹಿಂಗ. ಕರೆಂಟ್ ವೈರಿನ ಪೈಪಿನ್ಯಾಗ ತೂರಿಸಬ್ಯಾಡ್ರಿ. ಮಾಳಗಿ ಮ್ಯಾಲಿಂದ ಒಯ್ಯೂದಾದ್ರ ಬಿಸಲಿಗೆ ತಡಿಯೂ ಕರೆ ಜಾಕೆಟ್ಟಿಂದು ಬೇಕು, ಬಾಗಲಕೋಟಿ ಬ್ಯಾಸಗಿಗೆ ಸಾದಾ ಪಿವಿಸಿ ಬಿರಕ ಬಿಡ್ತದ. ಆದ್ರ ಸಿಡಿಲಿನ ಕಾಲಕ್ಕ ಹೊರಗಿನ ವೈರ್ ಪೋರ್ಟ್ ಸುಡಬಹುದು, ಮೆಟ್ಟಲದ ಒಳಗಿಂದ ಒಯ್ದ್ರ ಚಲೋ.

ಹಾಕಿದ ಮ್ಯಾಲ ವಿಂಡೋಸ್‌ನ್ಯಾಗ ಲಿಂಕ್ ಸ್ಪೀಡ್ ನೋಡ್ರಿ. 1000 ಬರಬೇಕಿತ್ತು, 100 ಬಂದೈತಿ ಅಂದ್ರ ನೀಲಿ ಜೋಡಿ ಇಲ್ಲಾ ಕಂದು ಜೋಡಿಯೊಳಗ ಒಂದು ಎಳಿ ಕೂಡಿಲ್ಲ. 100ಕ್ಕ ನಾಕ ಎಳಿ ಸಾಕು, 1000ಕ್ಕ ಎಂಟೂ ಬೇಕು.

---

ನವನಗರ_ನೋಸ್ಕೋಪ್

ಎಕೋ ಸರ್, ಸದ್ಯ ಮೂಲ ಫರ್ಮ್‌ವೇರ್‌ನ್ಯಾಗ 80/17 ಬರದೆ, ಒಎನ್‌ಟಿ ವೈಫೈ ಬಂದ್ ಮಾಡಿ ಎಲ್ಲಾ ಸಿ6ಗೆ ತಂದೆ. ಅಪ್‌ಲೋಡ್ ಹಚ್ಚಿದಾಗ 310 ಇದ್ದದ್ದು 52ಕ್ಕ ಬಂತು! ಡೌನ್‌ಲೋಡ್ ಹಚ್ಚಿದಾಗ 41.

ಮೂರು ಸಂಶಯ. ಒಂದು, ಸುಮಾರು ಐದು ನಿಮಿಷಕ್ಕೊಮ್ಮೆ ಒಂದ ಸೆಕೆಂಡ್ 120 ಆಗಿ ಇಳಿತೈತಿ. ಎರಡು, ರಾತ್ರಿ ಒಂಬತ್ತಕ್ಕ ಯಾರೂ ಏನೂ ಹಚ್ಚಿರದಿದ್ರೂ ಪಿಂಗ್ 45 ಇರ್ತೈತಿ. ಮೂರು, ಇನ್ನೊಂದು ಆಟದಾಗ ನ್ಯಾಟ್ ಸ್ಟ್ರಿಕ್ಟ್ ಅಂತ ತೋರಸ್ತೈತಿ.

---

ಗೋಳಗುಮ್ಮಟ_ಎಕೋ

ಗಡಿಯಾರ ಹಿಡಿದಂತೆ ಬರುವ ನೆಗೆತ ವೈಫೈ ಸ್ಕ್ಯಾನ್‌ನದು. ಪಿಸಿಯ ವೈಫೈ ಕಾರ್ಡ್ ನಡುನಡುವೆ ಬೇರೆ ಚಾನಲ್‌ಗಳನ್ನು ಹುಡುಕಲು ಹೋಗಿ ಬರುತ್ತದೆ. ಆ ಕ್ಷಣ ರೌಟರ್‌ಗೆ ಹೋಗುವ ಪಿಂಗ್ ಕೂಡ ಜಿಗಿದರೆ ಖಾತ್ರಿ. ಮಾಸ್ತರರ ವೈರ್ ಎಳೆದರೆ ಇದು ಹೋಗುತ್ತದೆ, ಬೇರೆ ಸೆಟ್ಟಿಂಗ್ ಹುಡುಕಬೇಡಿ.

ಒಂಬತ್ತರ 45 ನಿಮ್ಮ ಮನೆಯದಲ್ಲ. ಜಿಪಿಒಎನ್ (ಒಂದು ಎಳೆಯನ್ನು ಹಲವು ಮನೆಗಳಿಗೆ ಕವಲೊಡೆಸುವ) ಫೈಬರ್‌ನಲ್ಲಿ ಕಂಪನಿಯ ಒಂದು ಪೋರ್ಟಿನ ಕೆಳಬರುವ 2.488 ಗಿಗಾಬಿಟ್, ಮೇಲ್ಹೋಗುವ 1.244 ಗಿಗಾಬಿಟ್ ಅನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಅದರಾಚೆ ಕಂಪನಿಯ ಲಿಂಕ್ ಬೇರೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಕಮಾಂಡ್ ಪ್ರಾಂಪ್ಟಿನಲ್ಲಿ "ಟ್ರೇಸರ್ಟ್ -ಡಿ 1.1.1.1" ಹಾಕಿ ಹೋಲಿಸಿ. ಯಾವ ಹಾಪ್‌ನಿಂದ (ದಾರಿಯ ರೌಟರ್‌ನಿಂದ) ಮುಂದಿನವೆಲ್ಲವೂ ಏರಿವೆಯೋ ತಡ ಅಲ್ಲಿದೆ. ನಡುವಿನ ಒಂದೇ ಹಾಪ್ ಏರಿ ಮುಂದಿನವು ಸರಿ ಇದ್ದರೆ ಅದು ದೋಷವಲ್ಲ, ಆ ರೌಟರ್ ಪಿಂಗ್‌ಗೆ ನಿಧಾನವಾಗಿ ಉತ್ತರಿಸುತ್ತಿದೆ ಅಷ್ಟೇ. ಇವೆರಡರ ಪ್ರತಿ ಇಟ್ಟು ದೂರು ಕೊಟ್ಟರೆ "ರೌಟರ್ ರೀಸ್ಟಾರ್ಟ್ ಮಾಡಿ" ಎಂಬ ಉತ್ತರದಿಂದ ಮುಂದೆ ಹೋಗಬಹುದು.

ದಾರಿಯ ಲೆಕ್ಕವೂ ಇರಲಿ. ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಹೋಗುತ್ತದೆ. ಬಾಗಲಕೋಟೆಯಿಂದ ಮುಂಬೈಗೆ ನೇರ ಹೋದರೆ ಹೋಗಿಬರಲು 6 ಮಿಲಿಸೆಕೆಂಡ್ ಸಾಕು. ಕಂಪನಿ ಬೆಂಗಳೂರು ಸುತ್ತಿ ಒಯ್ದರೆ ಸುಮಾರು 1500 ಕಿ.ಮೀ., ಅಲ್ಲಿಗೇ 15. ಬೆಳಗಿನ 28ಕ್ಕಿಂತ ಕೆಳಗೆ ಯಾವ ಕ್ಯೂಒಎಸ್ ಕೂಡ ಇಳಿಸಲಾರದು.

ನ್ಯಾಟ್ ವಿಷಯ ಬೇರೆಯೇ, ಪ್ರಿಯಾರಿಟಿಗೂ ಅದಕ್ಕೂ ಸಂಬಂಧವಿಲ್ಲ. ನ್ಯಾಟ್ ಎಂದರೆ ಮನೆಯ ಉಪಕರಣಗಳೆಲ್ಲ ಒಂದೇ ಹೊರವಿಳಾಸದಿಂದ ಹೋಗುವಂತೆ ವಿಳಾಸ ಬದಲಿಸುವುದು. ಒಎನ್‌ಟಿಯೂ ಸಿ6 ಕೂಡ ಅದನ್ನು ಮಾಡುತ್ತಿವೆ. ಒಎನ್‌ಟಿಯನ್ನು ಬ್ರಿಜ್ ಮೋಡ್‌ಗೆ (ಅದು ಬರೇ ದಾಟಿಸುವಂತೆ) ಹಾಕಿಸಿ, ಪಿಪಿಪಿಒಇ ಹೆಸರು, ಪಾಸ್‌ವರ್ಡ್, ವಿಎಲ್ಎಎನ್ (ಲೈನಿನ ಗುರುತಿನ) ಸಂಖ್ಯೆ ಕೇಳಿ ಬರೆದುಕೊಂಡು ಸಿ6ನಲ್ಲಿ ಲಾಗಿನ್ ಮಾಡಿ. ಒಎನ್‌ಟಿಗೆ ಲ್ಯಾಂಡ್‌ಲೈನ್ ಫೋನ್ ಜೋಡಿಸಿದ್ದರೆ ಬ್ರಿಜ್ ಮಾಡಿದಾಗ ಅದು ಸತ್ತೀತೇ ಎಂದು ಮೊದಲೇ ಕೇಳಿ. ಕಂಪನಿ ಒಪ್ಪದಿದ್ದರೆ ಸಿ6ನ ವ್ಯಾನ್ ವಿಳಾಸವನ್ನು ಒಎನ್‌ಟಿಯ ಡಿಎಂಜೆಡ್‌ನಲ್ಲಿ (ಹೊರಗಿಂದ ಬಂದದ್ದನ್ನೆಲ್ಲ ಒಂದೇ ವಿಳಾಸಕ್ಕೆ ಕಳಿಸುವ ಸೆಟ್ಟಿಂಗ್) ಬರೆದು, ಸಿ6ನಲ್ಲಿ ಯುಪಿಎನ್‌ಪಿ (ಆಟ ತಾನೇ ಬೇಕಾದ ಪೋರ್ಟ್ ತೆರೆಸಿಕೊಳ್ಳುವ ಸೌಲಭ್ಯ) ಹಚ್ಚಿ. ಅದಕ್ಕೂ ಮುಂಚೆ ಒಎನ್‌ಟಿಯ ಸ್ಟೇಟಸ್ ಪುಟದಲ್ಲಿ ಹೊರಗಿನ ವಿಳಾಸ ನೋಡಿ: 100.64ರಿಂದ 100.127ರೊಳಗೆ ಶುರುವಾದರೆ ಕಂಪನಿಯೇ ಇನ್ನೊಂದು ನ್ಯಾಟ್ ಹಾಕಿದೆ, ಆಗ ಪಬ್ಲಿಕ್ ಐಪಿ ಕೇಳುವುದೊಂದೇ ದಾರಿ.

---

ಕುಂದಾ_ಪ್ಯಾಕೆಟ್

ಒಂದು ಸಣ್ಣ ಕೆಲಸ ಉಳೀತು, ಕ್ಯಾಮೆರಾ. ಆ್ಯಪಿನ್ಯಾಗ ಎಚ್.265 (ವಿಡಿಯೊ ಒತ್ತಿ ಸಣ್ಣದು ಮಾಡೂ ವಿಧಾನ) ಹಚ್ಚಿ ಬಿಟ್‌ರೇಟ್ 1024 ಕೆಬಿಪಿಎಸ್‌ಗೆ ಇಳಸ್ರಿ, ಮೂರೂ ಕೂಡಿ ಸುಮಾರು 3 ಎಂಬಿಪಿಎಸ್ ಅಷ್ಟ. 17ರಾಗ ಅದು ನಡೀತದ. ಆ್ಯಪ್ ಬಿಟ್‌ರೇಟ್ ತೋರಿಸದಿದ್ರ ಚಲನೆ ಇದ್ದಾಗ ಅಷ್ಟ ರೆಕಾರ್ಡ್ ಅನ್ನೂದನ್ನ ಹಚ್ಚಿ, ರಸ್ತಾ ಕಡೆ ಮುಖ ಮಾಡಿದ್ದರ ಸೆನ್ಸಿಟಿವಿಟಿ ಕಮ್ಮಿ ಮಾಡ್ರಿ, ಇಲ್ಲಂದ್ರ ಹಾದು ಹೋಗೂ ಪ್ರತಿ ಆಟೋನೂ ಕ್ಲೌಡ್‌ಗೆ ಹತ್ತತದ. ವಿಂಡೋಸ್ ಅಪ್‌ಡೇಟ್‌ನ ಡೆಲಿವರಿ ಆಪ್ಟಿಮೈಸೇಶನ್‌ನ್ಯಾಗ ಬ್ಯಾರೆ ಪಿಸಿಗೆ ಕಳಸೂದು ಬಂದ್. ಅಕ್ಕಾರ ಲ್ಯಾಪ್‌ಟಾಪಿನ್ಯಾಗ ಒನ್‌ಡ್ರೈವ್ ಇದ್ರ ಅಪ್‌ಲೋಡ್ ಮಿತಿ ಅವರನ್ನ ಕೇಳೇ ಹಾಕ್ರಿ.

---

ನವನಗರ_ನೋಸ್ಕೋಪ್

ಐತವಾರ ವೈರ್ ಎಳಿತೀನಿ. ಸ್ಟಿಕರ್ ಮ್ಯಾಲ ವರ್ಷನ್ 3.20 ಐತಿ. ಎಕೋ ಸರ್, ಪಟ್ಟಿ ನೋಡಿ ಫೈಲ್ ಹೆಸರು ಇಲ್ಲೆ ಬರೀತೀನಿ, ಬರೋಬ್ಬರಿ ಐತಿಲ್ಲೋ ಒಮ್ಮೆ ನೋಡಿ ಹೇಳ್ರಿ. ಅಲ್ಲೀತನಕಾ ಕೈ ಹಚ್ಚೂದಿಲ್ಲ.